ವೆಬ್‌ಸೈಟಿನ ರೇಟು, ಅತ್ತೆಯ ತವರುಮನೆ

ದಾವಣಗೆರೆಯ ಆನೆಕೊಂಡದಲ್ಲಿ ಕೂತು ನಾನು ಅಂಗಡಿ ಮುಂಗಟ್ಟಿನವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾಡುವುದು ಕಷ್ಟವಲ್ಲ. ಎಷ್ಟಾಗುತ್ತದೆ ಅಂತ ಹೇಳುವುದಿದೆಯಲ್ಲ, ಅದು ಕಷ್ಟ. ರೇಟು ಹೇಳಿದ ದಿನ ಏನೂ ತಮಾಷೆ ಆಗದೆ ಬಾಗಿಲು ಹಾಕಿದ್ದು ನನಗಂತೂ ನೆನಪಿಲ್ಲ.

ಆಫೀಸು ಅಂದರೆ ನಮ್ಮ ಮನೆಯ ಮುಂದಿನ ರೂಮು. ಒಂದು ಕಂಪ್ಯೂಟರು, ಎರಡು ಕುರ್ಚಿ, ಬಾಗಿಲ ಹಿಂದೆ ಒಂದು ಬೆಂಚು. ರೂಮು ಮಾವನವರದು. ಮಾವ ಬಸ್ ಕಂಡಕ್ಟರಾಗಿ ರಿಟೈರಾದವರು. ಅವರ ಪ್ರಕಾರ ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಸ್ಟೇಜಿಗಿಷ್ಟು ಅಂತ ರೇಟಿರಬೇಕು, ಚೌಕಾಶಿ ಮಾಡುವವರನ್ನು ಅಲ್ಲೇ ಸೀಟಿ ಊದಿ ಇಳಿಸಬೇಕು. ನಾನೋ, ಹದಿನೆಂಟು ಸಾವಿರ ಅಂತ ಶುರು ಮಾಡಿ ಒಂಬತ್ತಕ್ಕೆ ಬಂದು ಸುಸ್ತಾಗುವವಳು.

ಯುಗಾದಿ ಆದ ಮೇಲೆ ಒಂದು ದಿನ ಮಾವ ಕರೆದು ಹೇಳಿದರು. "ನೋಡವ್ವಾ, ಪಕ್ಕದ ಓಣಿ ಕಟಿಂಗ್ ಶಾಪಿನವ ಈ ರೂಮು ಬಾಡಿಗೆಗೆ ಕೇಳ್ಯಾನೆ. ದೀಪಾವಳಿ ತಂಕ ಟೈಮ್ ಕೊಡ್ತೀನಿ. ಮೂರು ಗಿರಾಕಿ ಪೂರ್ತಿ ರೇಟು ಕೊಟ್ರೆ ರೂಮು ನಿಂದು. ಇಲ್ಲಾಂದ್ರೆ ಕಂಪ್ಯೂಟರ್ ಎತ್ಕಂಡೋಗಿ ಅಡಿಗೆಮನ್ಯಾಗೆ ಇಟ್ಕ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನದು ಅಂತ ಸಿಕ್ಕಿದ್ದು ಅದೊಂದು ರೂಮು. ಆಯ್ತು ಮಾವ, ನೋಡೇ ಬಿಡೋಣ ಅಂದೆ.

ಚದರ ಅಡಿ ಲೆಕ್ಕ

ಮೊದಲು ಬಂದವರು ಮಂಡಕ್ಕಿ, ಖಾರ ಮಾರುವ ಅಂಗಡಿಯವರು. ಕೂತವರೇ ಕೇಳಿದರು, "ಚದರ ಅಡಿಗೆ ಎಷ್ಟ್ರಿ?"

"ಯಾವುದಕ್ಕೆ?"

"ನಿಮ್ ವೆಬ್‌ಸೈಟಿಗೆ. ಫ್ಲೆಕ್ಸಿನವ ಚದರ ಅಡಿಗೆ ಇಷ್ಟು ಅಂತ ಹೇಳ್ತಾನೆ, ನಾವು ಅಳೆದು ಕೊಡ್ತೀವಿ. ಅದೂ ಹೆಸರು, ಫೋಟೋ, ಫೋನ್ ನಂಬರು. ಇದೂ ಹೆಸರು, ಫೋಟೋ, ಫೋನ್ ನಂಬರು."

ಇದು ಹಂಗಲ್ಲ, ಇದರಲ್ಲಿ ಜನ ಆರ್ಡರ್ ಕೊಡಬಹುದು, ದಿನಾ ಹೊಸ ಮಾಲು ಹಾಕಬಹುದು, ಅದಕ್ಕೆ ಹದಿನೆಂಟು ಸಾವಿರ ಆಗುತ್ತದೆ ಅಂತ ಬಿಡಿಸಿ ಹೇಳಿದೆ. ಅವರು ಜೇಬಿನಿಂದ ಮೊಬೈಲ್ ತೆಗೆದು ಬೆರಳಿಟ್ಟು ಅಳೆದರು.

"ಜನ ನೋಡೋದು ಇದ್ರಾಗೆ ತಾನೆ? ಮೂರು ಇಂಚು ಅಗಲ, ಆರು ಇಂಚು ಉದ್ದ. ಚದರ ಅಡಿಯಾಗೆ ಎಂಟನೇ ಒಂದು ಪಾಲು ಆತು, ಅಷ್ಟೇ. ಅದಕ್ಕೆ ಹದಿನೆಂಟು ಸಾವಿರ ಅಂದ್ರೆ ಹೆಂಗ್ರಿ?"

"ಕಂಪ್ಯೂಟರಿನಲ್ಲಿ ದೊಡ್ಡದಾಗಿ ಕಾಣುತ್ತೆ ರೀ."

"ಕಂಪ್ಯೂಟರ್ನಾಗೆ ನೋಡೋರು ನಮಗೆ ಬ್ಯಾಡ. ಅವ್ರು ಮಂಡಕ್ಕಿ ತಿನ್ನೋದಿಲ್ಲ."

ಕೊನೆಗೆ ಒಂಬತ್ತು ಸಾವಿರಕ್ಕೆ ಒಪ್ಪಿದರು. ಹೊರಗೆ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಮಾವ ತಲೆ ಎತ್ತದೆ, "ಅರ್ಧ ಟಿಕೆಟ್ಟು" ಅಂದರು.

ಹೆಸರಿಗೂ ಬಾಡಿಗೆ

ಈ ಸಲ ಸರಿಯಾಗಿ ಹೇಳಬೇಕು ಅಂತ ರಾತ್ರಿಯಿಡೀ ಯೋಚಿಸಿ ಒಂದು ಉಪಾಯ ಮಾಡಿಕೊಂಡೆ. ಬ್ಲೌಸ್ ಹೊಲಿಯುವ ಅಂಗಡಿಯ ಮೇಡಂ ಬಂದಾಗ ಹೇಳಿದೆ. "ನೋಡ್ರಿ ಮೇಡಂ, ವೆಬ್‌ಸೈಟ್ ಅಂದ್ರೆ ಮಳಿಗೆ ಇದ್ದಂಗೆ. ಮೊದಲು ನಿಮ್ಮ ಹೆಸರು, ಅದು ಬೋರ್ಡು. ಅದು ಇರೋ ಜಾಗ, ಅದು ಮಳಿಗೆ. ಈ ಎರಡಕ್ಕೂ ವರ್ಷಾವರ್ಷ ನಾಲ್ಕು ಸಾವಿರ ಬಾಡಿಗೆ ಕಟ್ಟಬೇಕು. ಕಪಾಟು ಕೂಡಿಸೋದು, ಮಾಲು ಜೋಡಿಸೋದು, ಫೋಟೋ, ಬರವಣಿಗೆ ಎಲ್ಲಾ ನನ್ನ ಕೂಲಿ. ಅದು ಒಂದೇ ಸಲ, ಹದಿನೆಂಟು."

ಮೇಡಂ ತಲೆಯಾಡಿಸಿದರು. ಸದ್ಯ, ಅರ್ಥವಾಯಿತು ಅಂದುಕೊಂಡೆ. ಬೇಕಾದ್ದಕ್ಕಿಂತ ಜಾಸ್ತಿಯೇ ಅರ್ಥವಾಗಿತ್ತು.

"ಬಾಡಿಗೆ ಅಂದ ಮೇಲೆ ದಸರಾಕ್ಕೆ ಸುಣ್ಣ ಬಣ್ಣ ಓನರ್ರೇ ಮಾಡಿಸ್ಬೇಕು, ಅಲ್ವೇನ್ರಿ?"

ವರ್ಷಕ್ಕೊಂದು ಸಲ ಬಣ್ಣ ಬದಲಾಯಿಸಿಕೊಡಲು ಒಪ್ಪಿದೆ. ಆಮೇಲೆ ಅವರು ಬೋರ್ಡಿನ ವಿಷಯಕ್ಕೆ ಬಂದರು. ಅಂಗಡಿಗೆ ಇದ್ದದ್ದು ಅವರದೇ ಹೆಸರು.

"ಅಲ್ರೀ, ಈ ಹೆಸರು ನಮ್ಮಪ್ಪ ಇಟ್ಟಿದ್ದು. ಹುಟ್ಟಿದಾಗಿಂದ ಇಟ್ಕಂಡೀನಿ. ಅವನೇ ಒಂದು ದಿನ ಬಾಡಿಗೆ ಕೇಳಿಲ್ಲ, ನೀವು ಯಾರ್ರಿ ಕೇಳೋಕೆ?"

ಯೋಚ್ನೆ ಮಾಡಿ ಬರ್ತೀನಿ ಅಂತ ಎದ್ದರು. ವ್ಯಾಪಾರದಲ್ಲಿ ಆ ಮಾತಿಗೆ ಏನರ್ಥ ಅಂತ ಎಲ್ಲರಿಗೂ ಗೊತ್ತು.

ಬಡಿದರೆ ಸದ್ದು ಬರಬೇಕು

ಗಣಪತಿ ಹಬ್ಬ ಹತ್ತಿರ ಬಂತು. ಪೂರ್ತಿ ರೇಟಿನ ಗಿರಾಕಿ ಒಬ್ಬರೂ ಇಲ್ಲ. ಕಟಿಂಗ್ ಶಾಪಿನವ ಒಂದು ದಿನ ಬಂದು ಕನ್ನಡಿ ಎಲ್ಲಿ ಹಾಕುವುದು ಅಂತ ನನ್ನೆದುರೇ ಗೋಡೆ ಅಳೆದುಕೊಂಡು ಹೋದ.

ಆ ವಾರವೇ ಹರಿಹರದಿಂದ ಒಬ್ಬ ಸಾಹೇಬ್ರು ಬಂದರು. ಕಬ್ಬಿಣದ ಅಲ್ಮೇರಾ ಮಾಡುವವರು, ಅಪ್ಪನ ಕಾಲದಿಂದ ಅದೇ ಕಸುಬು. ರೇಟು ಕೇಳಿ ಗಡ್ಡ ನೀವಿಕೊಂಡರು.

"ದೇಖೋ ಬೇಟಾ, ಅಲ್ಮೇರಾ ಅಂದ್ರೆ ತೂಕ ಐತೆ. ತಗಡು ದಪ್ಪ ಎಷ್ಟು, ತೆಳ್ಳಗೆ ಎಷ್ಟು ಅಂತ ಲೆಕ್ಕ ಐತೆ. ಗಿರಾಕಿ ಬಡಿದು ನೋಡ್ತಾನೆ, ಸದ್ದು ಬರ್ತೈತೆ, ದುಡ್ಡು ಕೊಡ್ತಾನೆ. ನಿಂದ್ರಾಗೆ ಬಡಿಯೋಕೆ ಏನೈತೆ?"

ಹದಿನೆಂಟು ಹದಿನಾರಾಯಿತು, ಹದಿನಾಲ್ಕಾಯಿತು. ಒಳಬಾಗಿಲ ಹೊಸ್ತಿಲ ಹತ್ತಿರ ನಮ್ಮ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ಅಲ್ಲಿಯವರೆಗೆ ನನ್ನ ವ್ಯಾಪಾರದಲ್ಲಿ ಒಂದು ಮಾತೂ ಆಡಿದವರಲ್ಲ. ಅವತ್ತು ತಲೆ ಎತ್ತಿದರು.

"ಯಾವೂರು ಅಣ್ಣಾ?"

"ಹರಿಹರ, ಯಕ್ಕ."

ಅತ್ತೆ ಮೊರ ಕೆಳಗಿಟ್ಟರು. "ಅಯ್ಯೋ, ನನ್ನ ತವರು! ಅಲ್ಲಣ್ಣಾ, ತವರಿನಿಂದ ಬಂದು ಹೆಣ್ಣುಮಗಳ ಮನ್ಯಾಗೆ ಕೂತು ಚೌಕಾಶಿ ಮಾಡ್ತೀಯಾ?"

ಸಾಹೇಬ್ರ ಮುಖವೇ ಬದಲಾಯಿತು. ನಮ್ಮ ಕಡೆ ಯಾರ ಹತ್ತಿರ ಬೇಕಾದರೂ ಚೌಕಾಶಿ ಮಾಡಬಹುದು, ಊರ ಹೆಣ್ಣುಮಗಳಿಗೆ ಕೊಡುವಾಗ ಕೈ ಬಿಗಿ ಮಾಡಿದರೆ ಊರಿಗೇ ಕೆಟ್ಟ ಹೆಸರು. "ತೋಬಾ ತೋಬಾ, ಮೊದ್ಲೇ ಹೇಳ್ಬಾರ್ದಾ ಯಕ್ಕ" ಅಂದವರೇ ಹದಿನೆಂಟು ಸಾವಿರ ಎಣಿಸಿಟ್ಟರು. ಮುಂದಿನ ವಾರ ಫೋಟೋ ಕೊಡಲು ಬಂದಾಗ ಅತ್ತೆಗೆ ಒಂದು ಡಜನ್ ಹಸಿರು ಬಳೆಯನ್ನೂ ತಂದರು.

ದುಡ್ಡು ಎಣಿಸಿಟ್ಟ ದಿನ ಅವರು ಹೋದ ಮೇಲೆ ನಾನು ಅತ್ತೆಯ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಅತ್ತೆಗೆ ಮಾತ್ರ ಸಮಾಧಾನವಿಲ್ಲ.

"ಹದಿನೆಂಟಕ್ಕೇ ಯಾಕ ನಿಂತಿ? ಇಪ್ಪತ್ತಂದಿದ್ರೂ ಕೊಡ್ತಿದ್ದ, ನಮ್ಮಣ್ಣ."

ಸತ್ತರೆ ಬದಲಿ

ಎರಡನೆಯವರು ಸಾರಥಿ ಅನ್ನುವ ಹಳ್ಳಿಯವರು. ಟೊಮೆಟೊ, ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುವವರು. ಅವರ ಪ್ರಶ್ನೆಯೇ ಬೇರೆ.

"ನಾವು ನೂರು ಸಸಿಗೆ ಐದು ಸತ್ರೆ ಬದಲಿ ಕೊಡ್ತೀವಿ. ನಿಮ್ದು ಸತ್ರೆ?"

"ವರ್ಷಾವರ್ಷ ನಾಲ್ಕು ಸಾವಿರ ಕಟ್ಟಿದ್ರೆ ಸಾಯಲ್ಲ ರೀ."

"ಅಂದ್ರೆ ಗೊಬ್ಬರದ ಖರ್ಚು ಅನ್ರಿ."

ಇಷ್ಟು ಚೆನ್ನಾಗಿ ನನಗೇ ಹೇಳಲು ಬಂದಿರಲಿಲ್ಲ. ಆದರೆ ಗೊಬ್ಬರಕ್ಕೆ ಒಪ್ಪಿದವರು ಹದಿನೆಂಟಕ್ಕೆ ಒಪ್ಪಲಿಲ್ಲ, ಹನ್ನೆರಡು ಅಂತ ಪಟ್ಟು ಹಿಡಿದರು. ಅಷ್ಟರಲ್ಲಿ ಹೊಸ್ತಿಲ ಕಡೆಯಿಂದ ದನಿ ಬಂತು.

"ಸಾರಥಿಯೋರೇನಪ್ಪಾ? ಅಯ್ಯೋ, ನನ್ನ ತವರು!"

ನಾನು ತಿರುಗಿ ನೋಡಿದೆ. ಅತ್ತೆಯ ಕಣ್ಣಲ್ಲಿ ನೀರೂ ಬಂದಿತ್ತು. ಮೆಣಸಿನಕಾಯಿಯದೋ ತವರಿನದೋ ದೇವರೇ ಬಲ್ಲ. ಸಸಿಯವರು ಕೈಮುಗಿದು ಹದಿನೆಂಟೂ ಕೊಟ್ಟು ಹೋದರು.

"ಅತ್ತೆ, ನಿಮ್ಮ ತವರು ಹರಿಹರ ಅಲ್ವಾ?"

"ಸಾರಥಿ ಯಾವ ತಾಲ್ಲೂಕು?"

"ಹರಿಹರ."

"ಮತ್ತೇನು? ತಾಲ್ಲೂಕು ಪೂರ್ತಿ ನನ್ನ ತವರೇ."

ಮೂರನೆಯವರು

ದೀಪಾವಳಿಗೆ ನಾಲ್ಕೇ ದಿನ. ಇನ್ನೊಬ್ಬರು ಬೇಕು. ಶಾಮನೂರಿನಿಂದ ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಒಬ್ಬರು ಬಂದರು. ಹೊತ್ತಿಗೆ ಸರಿಯಾಗಿ ಅಲ್ಮೇರಾ ಸಾಹೇಬ್ರು ಹೊಸ ಫೋಟೋ ಹಾಕಿಸಲು ಬಂದು ಬಾಗಿಲ ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಸಸಿಯವರು, ತಮ್ಮ ಹೊಸ ನಂಬರ್ ಕೊಡಲು ಬಂದವರು.

ಶಾಮಿಯಾನದವರು ಹತ್ತು ಸಾವಿರಕ್ಕೆ ಕೂತು ಏಳಲೇ ಇಲ್ಲ. ಹಿತ್ತಲಿನಿಂದ ಅತ್ತೆ ಬಂದರು. ಹೊಸ್ತಿಲಲ್ಲಿ ನಿಂತರೆ ಗಿರಾಕಿಯ ಕುರ್ಚಿ ಕಾಣುತ್ತದೆ, ಬಾಗಿಲ ಹಿಂದಿನ ಬೆಂಚು ಕಾಣುವುದಿಲ್ಲ. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಅತ್ತೆ ಅದನ್ನು ಶುರು ಮಾಡಿ ಅಂತ ತಿಳಿದರು.

"ಯಾವೂರು ತಮ್ಮಾ? ಶಾಮನೂರಾ? ಅಯ್ಯೋ, ನನ್ನ ತವರು!"

ಬಾಗಿಲ ಹಿಂದಿನಿಂದ ಸಾಹೇಬ್ರು, "ಯಕ್ಕಾ, ಹರಿಹರ ಅಂದಿದ್ರಿ?"

ಸಸಿಯವರು, "ಹರಿಹರಾನಾ? ಸಾರಥಿ ಅಲ್ಲೇನ್ರೀ?"

ಅತ್ತೆ ಕೈಯಲ್ಲಿದ್ದ ಮೊರ ಹಿಡಿದುಕೊಂಡು ನಿಂತಲ್ಲೇ ನಿಂತರು. ಮೂವರೂ ಅವರನ್ನೇ ನೋಡುತ್ತಿದ್ದಾರೆ. ಹೋಯಿತು, ಮೂವರೂ ಹೋದರು, ರೂಮೂ ಹೋಯಿತು ಅಂದುಕೊಂಡೆ.

ಆಗ ಕಟ್ಟೆಯ ಮೇಲಿದ್ದ ಮಾವ ಪೇಪರ್ ಮಡಚಿಕೊಂಡು ಒಳಗೆ ಬಂದರು. ಹಿಂದಿನ ಸ್ಟಾಪಿನಲ್ಲಿ ಹತ್ತಿ ಈಗ ಹತ್ತಿದೆ ಅನ್ನುವವರನ್ನು ಮೂವತ್ತು ವರ್ಷ ಹಿಡಿದ ಮನುಷ್ಯ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಆ ಮೂವರ ಕಡೆ ತಿರುಗಿದರು.

"ಮದುವಿ ಆಗಿ ನಲವತ್ತು ವರ್ಷ ಆತು. ನಾನು ಬರೇ ಹರಿಹರದ ಅಳಿಯ ಅಂತ ತಿಳ್ಕಂಡಿದ್ದೆ. ಹರಿಹರದೋರು ಪ್ರತಿ ದೀಪಾವಳಿಗೆ ಪಂಚೆ, ಶಲ್ಯ ಕೊಟ್ಟಾರೆ, ಸುಳ್ಳು ಹೇಳ್ಬಾರ್ದು. ಸಾರಥಿಯೋರು, ಶಾಮನೂರೋರು ಮಾತ್ರ ಈ ಅಳಿಯಂಗೆ ಇವತ್ತಿನ ತಂಕ ಒಂದು ಟವಲ್ಲೂ ಕೊಟ್ಟಿಲ್ಲ. ನಲವತ್ತು ವರ್ಷದ ಪಂಚೆ ಬಾಕಿ ಐತೆ. ಯಾವಾಗ ಕೊಡ್ತೀರಿ?"

ಮೊದಲು ನಕ್ಕವರು ಸಾಹೇಬ್ರು. "ಅಳಿಯಂದ್ರು ಕೇಳಿದ್ದು ನ್ಯಾಯ ಐತೆ" ಅಂತ ಬೆಂಚು ಬಡಿದರು. ಸಸಿಯವರು ನಗುತ್ತಾ ಕಣ್ಣೊರೆಸಿಕೊಂಡರು. ಶಾಮಿಯಾನದವರು ಬಾಯಲ್ಲೇ ಏನೋ ಲೆಕ್ಕ ಹಾಕಿ ಮೊಬೈಲ್ ತೆಗೆದರು.

"ನಲವತ್ತು ಪಂಚೆಗಿಂತ ವೆಬ್‌ಸೈಟೇ ಸಸ್ತಾ ಬಿಡ್ರಿ. ಹದಿನೆಂಟು ಅಲ್ವಾ? ಎಲ್ಲಿಗೆ ಹಾಕ್ಲಿ?"

ಕಟಿಂಗ್ ಶಾಪಿನವನಿಗೆ ರೂಮು ಇಲ್ಲ ಅಂತ ಮಾವ ಅವತ್ತೇ ಹೇಳಿ ಕಳಿಸಿದರು. ದೀಪಾವಳಿಗೆ ಮೂರೂ ಊರಿನಿಂದ ಪಂಚೆ ಬಂತು. ಈಗಲೂ ಮಾವ ಅದೇ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ. ಗಿರಾಕಿ ಬಂದರೆ ಮೊದಲು ಅವರೇ ಯಾವೂರು ಅಂತ ಕೇಳುತ್ತಾರೆ. ಹೋದ ಸೋಮವಾರ ರಾಜಸ್ಥಾನದ ಸ್ವೀಟ್ ಅಂಗಡಿಯವರು ಬಂದಿದ್ದರು. ಊರು ಜೋಧ್‌ಪುರ ಅಂದರು. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. ಒಳಗೆ ತಿರುಗಿ ಕೂಗಿದರು.

"ಏ ಇವಳೇ, ಲಗೂನ ಬಾ, ನಿನ್ನ ತವರಿನೋರು ಬಂದಾರೆ!"