ಕೆಂಪಣ್ಣನ ಗುಂಡುಕಲ್ಲು

ಹಳೇಕೋಟೆಯ ಕೆಂಪಣ್ಣನ ಮಾನ ಹೋದದ್ದು ಹೆಣ್ಣುಮಗಳೊಬ್ಬಳು ಬೆರಳ ಗೆಣ್ಣಿನಿಂದ ಕಲ್ಲೊಂದನ್ನು ತಟ್ಟಿದ್ದರಿಂದ.

ಅದು ಅರಳಿಕಟ್ಟೆ ಮುಂದಿನ ಗುಂಡುಕಲ್ಲು. ಹುಡುಗರು ಗುಂಡು ಎತ್ತಿ ಹೆಗಲಿಗಿಟ್ಟುಕೊಂಡು ಬಲ ತೋರಿಸುತ್ತಿದ್ದ ಕಾಲದಲ್ಲಿ, ಕೆರೆಯ ಹೂಳಿನಲ್ಲಿ ಸಿಕ್ಕ ಈ ಕುಂಬಳಕಾಯಿ ಗಾತ್ರದ ಕಲ್ಲಿಗೆ ಮೊದಲು ಕೈ ಹಾಕಿದವನು ಕೆಂಪಣ್ಣ. ಕಲ್ಲು ಸಲೀಸಾಗಿ ಎದ್ದು ಬಂತು. ಕೆಂಪಣ್ಣ ಜಾಣ. ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ, ಹೆರಿಗೆಗೆ ಕೂತವಳ ಹಾಗೆ ನರಳಿ ಹೆಗಲಿಗೇರಿಸಿದ. ಇಳಿಸಿದವನೇ ಅದಕ್ಕೆ ಕುಂಕುಮ ಬಳಿದು, ಎತ್ತಿದವನು ಬದುಕಿರುವವರೆಗೆ ಬೇರೆಯವರು ಎತ್ತುವಂತಿಲ್ಲ ಎಂದು ಶಾಸ್ತ್ರವನ್ನೂ ಹುಟ್ಟಿಸಿದ. ಅಂದಿನಿಂದ ನ್ಯಾಯದಲ್ಲಿ ಅವನದೇ ಕೊನೇ ಮಾತು, ಬಾಡೂಟದಲ್ಲಿ ಅವನಿಗೇ ಮೊದಲ ಎಲೆ. ಈಗ ಹೊಟ್ಟೆ ಮುಂದೆ ಬಂದು ಮಂಡಿ ಕೈಕೊಟ್ಟಿದ್ದರೂ ಎಲೆ ಮಾತ್ರ ತಪ್ಪಿರಲಿಲ್ಲ.

ಅದೇ ಊರಿನ ನಟರಾಜು ಮಗಳು ತೇಜಶ್ರೀ ಹಾಸನದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವವಳು. ರಜೆಗೆ ಊರಿಗೆ ಬಂದಿದ್ದವಳು ಅಂದು ಬೆಳಿಗ್ಗೆ ಆ ಕಲ್ಲನ್ನು ತಟ್ಟಿ ಕಿವಿಗೊಟ್ಟು, ನೇರ ಕೆಂಪಣ್ಣನ ಜಗುಲಿಗೆ ಬಂದಳು.

"ಆ ಗುಂಡುಕಲ್ಲು ಜಿಯೋಡ್ ಇರ್ಬೇಕು ದೊಡ್ಡಪ್ಪ. ಸಂಜೆ ಗಾಡೀಲಿ ಹಾಸನಕ್ಕೆ ಒಯ್ದು ಕೊಯ್ದು ನೋಡ್ತೀನಿ."

"ಅಂಗಂದ್ರೆ ಏನವ್ವ?"

"ಗ್ರೀಕ್ ಪದ. ಮಣ್ಣಿನಂಥದ್ದು ಅಂತ ಅರ್ಥ. ಮೇಲೆ ನೋಡಿದ್ರೆ ಮಣ್ಣುಂಡೆ, ಒಳಗೆ ಟೊಳ್ಳು. ಟೊಳ್ಳಿನ ಸುತ್ತ ಹರಳು ಬೆಳ್ದಿರುತ್ತೆ."

ಗ್ರೀಕು, ಮಣ್ಣು, ಹರಳು ಯಾವುದೂ ಕೆಂಪಣ್ಣನ ತಲೆಗೆ ಹೋಗಲಿಲ್ಲ. ಟೊಳ್ಳು ಎಂಬುದೊಂದು ಹೋಯಿತು. ಕಲ್ಲು ಯಾಕೆ ಅಷ್ಟು ಹಗುರವಾಗಿತ್ತೆಂದು ಇಷ್ಟು ವರ್ಷಕ್ಕೆ ತನಗೆ ತಿಳಿಯಿತು, ಕೊಯ್ದರೆ ಊರಿಗೂ ತಿಳಿಯುತ್ತದೆ ಎಂದು ಲೆಕ್ಕ ಹಾಕಿದ. ಬೇಡ ಎನ್ನುವಷ್ಟರಲ್ಲಿ ಬೀದಿಯಲ್ಲಿ ನಿಂತು ಅರ್ಧ ಮಾತು ಕೇಳಿಸಿಕೊಂಡ ಹೋಟೆಲ್ ಪಾಲಾಕ್ಷ, ಕೆಂಪಣ್ಣನ ಕಲ್ಲಿನೊಳಗೆ ಹರಳಿದೆಯಂತೆ, ಸಂಜೆ ಹಾಸನಕ್ಕೆ ಹೋಗುತ್ತದಂತೆ ಎಂದು ಫೋನಿನಲ್ಲಿ ಡಂಗುರ ಹೊಡೆಯುತ್ತಿದ್ದ.

ಮಧ್ಯಾಹ್ನ ಊರೆಲ್ಲ ಬೀಗರೂಟಕ್ಕೆ ಹೋಗಿತ್ತು. ಕೆಂಪಣ್ಣ ತನ್ನ ಹಿತ್ತಲಲ್ಲಿದ್ದ ಅದೇ ಗಾತ್ರದ ಗಟ್ಟಿ ಬಂಡೆಯೊಂದನ್ನು ಹಾರೆ ಹಾಕಿ ಉರುಳಿಸಿಕೊಂಡು ಹೋಗಿ ಕಟ್ಟೆ ಮುಂದೆ ಕೂರಿಸಿದ. ಅದಕ್ಕೆ ದಪ್ಪಗೆ ಕುಂಕುಮ ಮೆತ್ತಿ, ಹಳೇ ಕಲ್ಲನ್ನು ಟವಲಿನಲ್ಲಿ ಸುತ್ತಿ ತಂದು ಹಿತ್ತಲಿಗೆ ಹಾಕಿದ. ಇನ್ನು ಯಾರು ಬೇಕಾದರೂ ಕೊಯ್ದುಕೊಳ್ಳಲಿ ಎಂದು ನಿರಾಳವಾಗಿ ಊಟಕ್ಕೆ ಹೋದ. ತಡವಾಗಿದ್ದರೂ ಮೊದಲ ಎಲೆ ಕಾದಿತ್ತು.

ಸಂಜೆ ಗಾಡಿ ಬಂತು, ಜನವೂ ಸೇರಿತು. ಹುಡುಗರು ಕಲ್ಲಿಗೆ ಕೈ ಹಾಕಲು ಹೋದರೆ ಪಾಲಾಕ್ಷ ಅಡ್ಡ ನಿಂತ.

"ಬ್ಯಾರೇರು ಎತ್ತಂಗಿಲ್ಲ ಕಣ್ರಲಾ. ಕೆಂಪಣ್ಣನೇ ಎತ್ತಿ ಗಾಡಿಗೆ ಮಡಗ್ಬೇಕು. ಅವನೇ ಮಾಡಿರೋ ಶಾಸ್ತ್ರ."

ಕೆಂಪಣ್ಣ ವಯಸ್ಸಿನ ಮಾತೆತ್ತಿದ, ಮಂಡಿ ತೋರಿಸಿದ. ಅಷ್ಟರಲ್ಲಿ ಹತ್ತಾರು ಫೋನುಗಳು ಅವನತ್ತ ತಿರುಗಿದ್ದವು. ಬೇರೆ ದಾರಿ ಕಾಣದೆ ಬಗ್ಗಿ ಬಂಡೆಯನ್ನು ತಬ್ಬಿದ. ಈ ಸಲದ ನರಳಾಟ ಅಪ್ಪಟ ನಿಜದ್ದು. ಕಲ್ಲು ಎಳ್ಳಷ್ಟೂ ಮಿಸುಕಲಿಲ್ಲ, ಸೊಂಟ ಮಾತ್ರ ಕಟಕ್ಕೆಂದಿತು. ತೇಜಶ್ರೀ ಮತ್ತೆ ತಟ್ಟಿ ನೋಡಿ, ಬೆಳಿಗ್ಗೆ ತನ್ನ ಕಿವಿಯೇ ಮೋಸ ಮಾಡಿರಬೇಕು, ಇದು ಬರೀ ಗಟ್ಟಿ ಕಲ್ಲು ಎಂದು ಗಾಡಿ ಹತ್ತಿದಳು.

"ಆವತ್ತು ಇವನು ಎತ್ತಿದ್ದನ್ನ ಕಂಡೋರು ಯಾರಾದ್ರೂ ಅವ್ರೇನ್ಲಾ?" ಎಂದ ಪಾಲಾಕ್ಷ. ಕಂಡವರೆಲ್ಲ ಸತ್ತಿದ್ದರು.

ಕೆಂಪಣ್ಣನನ್ನು ನಾಲ್ವರು ಹೊತ್ತು ಮನೆಗೆ ತಂದು ಮಲಗಿಸಿದರು. ಸೊಂಟಕ್ಕೆ ಎಣ್ಣೆ ತಿಕ್ಕುವ ನೆಪದಲ್ಲಿ ಪಾಲಾಕ್ಷನೂ ಪಕ್ಕದಲ್ಲೇ ಕೂತ. ಹಿತ್ತಲಿನ ಕಲ್ಲನ್ನು ತಂದು ಎಲ್ಲರೆದುರು ಎತ್ತಿ ತೋರಿಸಿಬಿಡಲೇ ಎಂದು ಕೆಂಪಣ್ಣನಿಗೆ ಅನ್ನಿಸಿತು. ತೋರಿಸಿದರೆ ಕಲ್ಲು ಬದಲಾಯಿಸಿದ್ದು ಬಯಲಾಗುತ್ತದೆ. ಬೇಡ, ಅದು ಅಲ್ಲೇ ಬಿದ್ದಿರಲಿ, ನಾಳೆ ಹೇಮಾವತಿ ಹೊಳೆಗೆ ಎಸೆದರಾಯಿತು ಎಂದು ಕಣ್ಣು ಮುಚ್ಚಿಕೊಂಡ.

ಆಗ ಹಿತ್ತಲ ಬಾಗಿಲಿನಿಂದ ಹೆಂಡತಿ ದೊಡ್ಡತಾಯಮ್ಮ ಬಂದಳು. ಒಂದು ಕೈಯಲ್ಲಿ ಪೊರಕೆ. ಕೊಡ ಹೊತ್ತ ಹಾಗೆ ಸೊಂಟದ ಮೇಲೆ ಆ ಕಲ್ಲು.

"ಏನ್ರೀ, ಇದ್ಯಾವ ಕಲ್ಲು ದಾರಿಗಡ್ಡ ಹಾಕಿದೀರಾ? ಕುಂಕುಮ ಬ್ಯಾರೆ ಅಂಟೈತೆ. ಕೋಳಿ ಮುಚ್ಚೋ ಮಂಕರಿ ಮೇಲೆ ಹೇರಾನ ಅಂದ್ರೆ ಏನೇನೂ ಭಾರಿಲ್ಲ."