ಪಿಳ್ಳಪ್ಪನ ಗಾಡಿಗೆ ಎರಡು ಫ್ಯಾನು

"ಹಳೇ ಫ್ಯಾನ್ ಎಲ್ಲೋ? ಮೊದ್ಲು ಅದನ್ನ ಬೊಗಳು!"

"ಗುಜರಿಗೆ ಹಾಕ್ದೆ ಭಾವ."

"ನನ್ನ ಗಾಡಿ ಫ್ಯಾನ್ ಗುಜರಿಗೆ ಹಾಕೋಕೆ ನೀನ್ಯಾವನೋ? ನಿಮ್ಮಪ್ಪ ಕೊಟ್ಟ ಗಾಡಿಯೇನೋ ಇದು?"

"ನಮ್ಮಪ್ಪ ಕೊಟ್ಟಿದ್ದು ನಮ್ಮಕ್ಕನ್ನ. ಆಕೆ ತಂಟೆಗೆ ನಾನು ಹೋಗಿಲ್ವಲ್ಲ!"

ಪಿಳ್ಳಪ್ಪನ ಕೈ ಚಪ್ಪಲಿಗೆ ಹೋಗುವುದೊಂದು ಬಾಕಿ. ಹೆಂಡತಿಯ ತಮ್ಮ ಆವಲಪ್ಪ ಮಾತ್ರ ತೆರೆದ ಬಾನೆಟ್ಟಿನ ಪಕ್ಕದಲ್ಲಿ ಮದುವೆ ಗಂಡಿನ ಹಾಗೆ ನಿಂತಿದ್ದ. ಒಳಗೆ, ಹದಿನೆಂಟು ವರ್ಷ ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನಿನ ಜಾಗದಲ್ಲಿ, ರೇಡಿಯೇಟರಿನ ಬೆನ್ನಿಗೆ ಎರಡು ಹೊಸ ಕರೆಂಟ್ ಫ್ಯಾನುಗಳು ಅಕ್ಕಪಕ್ಕ ಕೂತಿದ್ದವು.

ಗಾಡಿ ರಿಪೇರಿಗೆ ಕೊಟ್ಟವನು ಪಿಳ್ಳಪ್ಪನೇ. ಹದಿನೆಂಟು ವರ್ಷದಿಂದ ಊರಿನ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತದ್ದು ಆ ಪಿಕಪ್ಪೇ. ಹತ್ತು ಗಂಟೆಗೆ ಹರಾಜು. ಮೂಟೆಯಲ್ಲಿ ಗೂಡು ಬೆವರಲು ಶುರುವಾದರೆ ಕೊಳ್ಳುವವನು ಮೂಗು ಮುರಿಯುತ್ತಾನೆ, ಒಂದು ತಿಂಗಳ ದುಡಿಮೆ ನೀರುಪಾಲು. ಹೋದ ತಿಂಗಳು ಕರಡಿಗುಟ್ಟೆ ಏರಿನಲ್ಲಿ ಗಾಡಿ ಎರಡು ಸಲ ಕುದ್ದು ನಿಂತಿತು. ಎರಡು ಸಲವೂ ಹರಾಜು ತಪ್ಪಿತು. ಆಗ ಗೂಡು ಬೆಳೆಯುವವರೆಲ್ಲರ ಪರವಾಗಿ ಗಂಗುಲಮ್ಮ ಬಂದು ಹೇಳಿದ್ದಳು: "ಪಿಳ್ಳಣ್ಣ, ಇನ್ನೊಂದ್ಸಲ ದಾರೀಲಿ ನಿಂತ್ರೆ ಸೊಣ್ಣೇಗೌಡರ ಹೊಸ ಗಾಡಿಗೇ ಹಾಕ್ತೀವಿ. ಬೇಜಾರ್ ಮಾಡ್ಕೋಬೇಡ."

ಬೇಜಾರಲ್ಲ, ಪಿಳ್ಳಪ್ಪನಿಗೆ ಊಟವೇ ಸೇರಿರಲಿಲ್ಲ.

"ಬೈಯೋದು ಮುಗೀತಾ ಭಾವ? ಈಗ ನೋಡಿ!" ಎಂದು ಆವಲಪ್ಪ ಸ್ವಿಚ್ಚು ಒತ್ತಿದ.

ಸಾವಿರದ ಇನ್ನೂರು ಅಡಿ ಆಳದಿಂದ ನೀರೆತ್ತುವ ಬೋರ್‌ವೆಲ್ ಮೋಟಾರುಗಳಿಗೆ ಇಪ್ಪತ್ತೈದು ವರ್ಷ ತಂತಿ ಸುತ್ತಿದ ಕೈ ಅವನದು. ಆ ಕೈಗೆ ಸಣ್ಣದು ಮಾಡಿ ಗೊತ್ತಿಲ್ಲ. ಫ್ಯಾನು ಹೂಂಕರಿಸಿತು. ಗಾಡಿಯ ಮುಂದೆ ಕೆದಕುತ್ತಿದ್ದ ಕೋಳಿಯೊಂದು ನಿಂತ ಭಂಗಿಯಲ್ಲೇ ಜಾರಿಕೊಂಡು ಬಂದು ಮುಂದಿನ ಜಾಲರಿಗೆ ಅಂಟಿಕೊಂಡಿತು!

"ಅಯ್ಯೋ, ಕೋಳಿ!"

"ಇರಿ ಭಾವ, ಜಾಲರಿಗೆ ಏನಾದ್ರೂ ಕಚ್ಚಿಕೊಂಡ್ರೆ ಅದಕ್ಕೇ ಗೊತ್ತಾಗುತ್ತೆ."

ಫ್ಯಾನುಗಳು ಒಂದು ಗಳಿಗೆ ನಿಂತು, ಉಲ್ಟಾ ತಿರುಗಿದವು. ಕೋಳಿ ಪಕ್ಕದ ಮನೆಯ ಹೆಂಚಿನ ಮೇಲೆ ಇಳಿಯಿತು. ಅದು ಅಷ್ಟು ಎತ್ತರ ಹಾರಿದ್ದು ಜನ್ಮದಲ್ಲಿ ಮೊದಲ ಸಲ.

ಎಲ್ಲವನ್ನೂ ನಡೆಸುವುದು ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಯಾರೂ ಕೈಹಾಕಬಾರದೆಂದು ಆವಲಪ್ಪ ಅದರ ಬಾಯಿಗೆ ಅಂಟು ಸುರಿದು ಕಲ್ಲಿನಂತೆ ಗಟ್ಟಿ ಮಾಡಿದ್ದ. ಡೀಸೆಲ್ ಕೊಳವೆ ಕೂಡ ಅದರ ಹೊಟ್ಟೆಯೊಳಗಿನಿಂದಲೇ ಹಾದು ಹೋಗುತ್ತಿತ್ತು.

"ಇದಕ್ಕೆ ಬುದ್ಧಿ ಐತೆ ಭಾವ. ತಾನೇ ನೋಡುತ್ತೆ, ತಾನೇ ಕಲಿಯುತ್ತೆ. ಎಂಜಿನ್ ಬಿಸಿ ಆಗಬಾರದು, ಅಷ್ಟೇ ಹೇಳಿಕೊಟ್ಟಿದೀನಿ. ಮಿಕ್ಕಿದ್ದು ಅದರ ತಲೆನೋವು. ತೀರಾ ಕೈಮೀರಿದ್ರೆ ಡೀಸೆಲ್ ನಿಲ್ಸಿ ಎಂಜಿನ್ ಉಳಿಸುತ್ತೆ."

"ನಾಳೆ ಮಾರ್ಕೆಟ್ ಮುಟ್ಟದೇ ಇದ್ರೆ ನಿನ್ನನ್ನ ಯಾರು ಉಳಿಸ್ತಾರೋ ನೋಡ್ತೀನಿ" ಎಂದ ಪಿಳ್ಳಪ್ಪ.

ಬೆಳಗ್ಗೆ ಆರಕ್ಕೆ ಮೂವತ್ತೊಂದು ಮೂಟೆ ಗೂಡು ಹೇರಿ ಹೊರಟರು. ಮುಂದೆ ಪಿಳ್ಳಪ್ಪ, ಆವಲಪ್ಪ. ಹಿಂದೆ ಮೂಟೆಗಳ ಮೇಲೆ ಗಂಗುಲಮ್ಮ ಮತ್ತು ಇನ್ನಿಬ್ಬರು. ಕರಡಿಗುಟ್ಟೆ ಏರು ಬಂತು. ಪಿಳ್ಳಪ್ಪನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ ನೆಟ್ಟಿತ್ತು. ಮೊದಲ ತಿರುವು, ಎರಡನೇ ತಿರುವು, ಯಾವಾಗಲೂ ಕುದಿಯುತ್ತಿದ್ದ ಹುಣಸೇಮರದ ತಿರುವು. ಮುಳ್ಳು ಅಲುಗಲಿಲ್ಲ! ಗಾಡಿ ಹರೆಯದ ಹೋರಿಯಂತೆ ತುದಿಗೆ ನುಗ್ಗಿತು.

ತನ್ನ ಮದುವೆಯಾದಾಗಿನಿಂದ ಭಾಮೈದನಿಗೆ ಹೇಳದ ಒಂದು ಒಳ್ಳೆಯ ಮಾತು ಹೇಳಿಬಿಡೋಣ ಎಂದು ಪಿಳ್ಳಪ್ಪ ಬಾಯಿ ತೆರೆದ. ಅಷ್ಟರಲ್ಲಿ ರಸ್ತೆಯ ಮೇಲೆ ರಾಗಿ ಬಂತು.

ಸುಗ್ಗಿಯ ದಿನ. ಗಾಡಿಗಳು ತುಳಿದು ಒಕ್ಕಲಿ ಎಂದು ಮುನೆಕ್ಕ ಅನ್ನುವ ಮುದುಕಿ ರಸ್ತೆಯ ತುಂಬ ರಾಗಿ ತೆನೆ ಹರಡಿದ್ದಳು. ಅದರ ಮೇಲೆ ಹದಿನೆಂಟು ವರ್ಷ ಓಡಿಸಿದವನಿಗೆ ಇದೇನು ಹೊಸದಲ್ಲ. ಹೊಸದು ಫ್ಯಾನು. ಸೊರ್ ಎಂದು ಹುಲ್ಲೆಲ್ಲ ಬಂದು ಜಾಲರಿಗೆ ಮೆತ್ತಿಕೊಂಡಿತು. ಪೆಟ್ಟಿಗೆಗೆ ಗೊತ್ತಾಯಿತು. ಫ್ಯಾನು ಉಲ್ಟಾ ತಿರುಗಿತು. ರಸ್ತೆಯ ರಾಗಿ ಮೋಡದಂತೆ ಎದ್ದಿತು!

"ನಿನ್ ಮನೆ ಕಾಯೋಗ! ನನ್ ರಾಗಿ ಕಣೋ!" ಮುನೆಕ್ಕ ಕೋಲು ಹಿಡಿದು ಓಡಿಬಂದಳು.

ಪಿಳ್ಳಪ್ಪ ಎಂಜಿನ್ ಆರಿಸಿ ಕೆಳಗಿಳಿದ. ಧೂಳು ಇಳಿದ ಮೇಲೆ ನೋಡಿದರೆ ಹೊಟ್ಟು, ಹುಲ್ಲೆಲ್ಲ ಆಚೆ ಹೊಲದಲ್ಲಿ. ರಾಗಿ ಮಾತ್ರ ರಸ್ತೆಯ ನಡುವೆ ಎರಕ ಹೊಯ್ದಂತೆ ಗುಡ್ಡೆಯಾಗಿ ಬಿದ್ದಿತ್ತು. ಮುನೆಕ್ಕ ಒಂದು ಹಿಡಿ ಎತ್ತಿ ಊದಿದಳು. ಊದಲು ಏನೂ ಉಳಿದಿರಲಿಲ್ಲ.

"ಎಂಟು ದಿನದಿಂದ ಗಾಳಿ ಇಲ್ದೆ ತೂರೋಕಾಗದೆ ಕೂತಿದ್ದೆ ಕಣಪ್ಪಾ! ಇನ್ನೊಂದು ಮೆದೆ ಐತೆ. ಒಂದ್ ಗಳಿಗೆ ನಿಲ್ಲಪ್ಪ, ನಿನ್ ಹೊಟ್ಟೆ ತಣ್ಣಗಿರ್ಲಿ!"

"ಗೂಡು ಐತೆ ಅಜ್ಜಿ, ಹೊತ್ತಾಗುತ್ತೆ" ಎಂದು ಪಿಳ್ಳಪ್ಪ ಹತ್ತಿ ಸ್ಟಾರ್ಟ್ ಮಾಡಿದ. ಎಂಜಿನ್ ಎದ್ದಿತು. ಮುಳ್ಳು ಕೂದಲೆಳೆಯಷ್ಟು ಮೇಲೇರಿತು. ಎಂಜಿನ್ ನಿಂತಿತು.

ಮತ್ತೆ ಸ್ಟಾರ್ಟ್. ಮತ್ತೆ ನಿಂತಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಅವನು ಒತ್ತುವುದು, ಅದು ಆರಿಸುವುದು. ಮುನೆಕ್ಕ ಒಂದು ಕೊಡ ತಣ್ಣೀರು ತಂದು ರೇಡಿಯೇಟರಿಗೆ ಸುರಿದಳು. ಗಾಡಿಗೆ ಖುಷಿಯಾಗಿ ನೂರು ಮಾರು ಹೋಯಿತು. ಇನ್ನೊಂದು ಕೊಡಕ್ಕೆ ಇನ್ನು ನೂರು ಮಾರು.

"ಶಿಡ್ಲಘಟ್ಟಕ್ಕೆ ಎಷ್ಟು ಕೊಡ ಆಗುತ್ತೋ ಲೆಕ್ಕ ಹಾಕೋ ವಿಜ್ಞಾನೀ!" ಗಂಗುಲಮ್ಮ ಮೂಟೆಯ ಮೇಲಿಂದ ಕೂಗಿದಳು. ಆಗಲೇ ಎಂಟು ಗಂಟೆ.

ಆವಲಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ನಿಂತ. ಹೊರಗೆ ಬಂದಾಗ ಅವನ ಮುಖದಲ್ಲಿ ಭಯವೂ ಇತ್ತು, ಹೆಮ್ಮೆಯೂ ಇತ್ತು.

"ಭಾವ... ಅದು ಕಲಿತುಬಿಟ್ಟೈತೆ. ನೀವು ಎಂಜಿನ್ ಆರ್ಸಿ ಇಳಿದ್ರಲ್ಲ, ಆಗ ಮುಳ್ಳು ಸರ್ರನೆ ಇಳೀತು. ಅದನ್ನ ನೋಡ್ಕೊಂಡೈತೆ. ಎಂಜಿನ್ ಬಿಸಿಯಾಗದೇ ಇರಬೇಕಾದ್ರೆ ಎಲ್ಲಕ್ಕಿಂತ ಒಳ್ಳೇ ಉಪಾಯ..."

"ಓಡ್ಸದೇ ಇರೋದು."

"ಹೂಂ ಭಾವ."

"ಬಿಸಿ ಆಗಬಾರದು ಅಂತ ಹೇಳಿಕೊಟ್ಟೆ. ಗಾಡಿ ಮಾರ್ಕೆಟ್ಟಿಗೆ ಹೋಗಬೇಕು ಅಂತ ಹೇಳಿಕೊಟ್ಟೆಯೇನೋ?"

ಆವಲಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಅದನ್ನೂ ಹೇಳ್ಬೇಕಾ ಭಾವ? ಗಾಡಿ ಅಂದ್ಮೇಲೆ ಹೋಗೋಕೇ ಇರೋದು ಅಂತ ಯಾರಿಗ್ ಗೊತ್ತಿಲ್ಲ?"

ಪಿಳ್ಳಪ್ಪ ಸೀಟಿನ ಹಿಂದಿನಿಂದ ಚಕ್ರ ಬಿಚ್ಚುವ ಸ್ಪ್ಯಾನರ್ ಎಳೆದ. "ಸರಿ ಆಚೆ! ಒಡೆದು ಪುಡಿ ಮಾಡ್ತೀನಿ!"

ಆವಲಪ್ಪ ಬಾನೆಟ್ಟಿಗೆ ಅಡ್ಡ ಬಿದ್ದ. "ಬೇಡ ಭಾವ! ಅದನ್ನ ಒಡೆದ್ರೆ ಡೀಸೆಲ್ ಬರಲ್ಲ, ಫ್ಯಾನೂ ತಿರುಗಲ್ಲ. ಇಪ್ಪತ್ತೈದು ವರ್ಷ ಊರೋರ ಸುಟ್ಟ ಮೋಟಾರ್ ಸುತ್ತಿದೀನಿ. ಒಂದಾದ್ರೂ ಏನಾದ್ರೂ ಕಲೀತಾ? ಇದೊಂದು ಕಲೀತು ಭಾವ. ಯಾರೂ ಹೇಳ್ಕೊಡದೆ ಕಲೀತು!"

ಅವನು ನಿಜವಾಗಿ ಅಳುತ್ತಿದ್ದ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಪಿಳ್ಳಪ್ಪ ಕೋಪಿಷ್ಠನೇ ಹೊರತು ಕಟುಕನಲ್ಲ. ಸ್ಪ್ಯಾನರನ್ನು ರಸ್ತೆಗೆ ಎಸೆದ.

ಎಂಟೂಮುಕ್ಕಾಲಿಗೆ ಸೊಣ್ಣೇಗೌಡನ ಹೊಸ ಗಾಡಿ ಬಂತು. ಗಂಗುಲಮ್ಮನೇ ಫೋನು ಮಾಡಿದ್ದಳು. ಮೂವತ್ತೊಂದು ಮೂಟೆಯನ್ನೂ ಪಿಳ್ಳಪ್ಪ ಒಬ್ಬನೇ ಹೊತ್ತು ಆ ಗಾಡಿಗೆ ಹಾಕಿದ.

"ನೀನ್ಯಾಕಣ್ಣ ಹೊರ್ತೀಯ, ಬುಡು, ನಾವ್ ಹಾಕ್ಕೋತೀವಿ" ಎಂದಳು ಗಂಗುಲಮ್ಮ.

"ಏರಿಸಿದೋನು ನಾನು."

ಕೊನೆಯ ಮೂಟೆ ಇಟ್ಟು ಅವನು ಮೆಲ್ಲಗೆ ಕೇಳಿದ: "ಗಂಗುಲಮ್ಮ, ಮುಂದಿನ ವಾರ..."

ಅವಳು ಮೂಟೆಯ ಹಗ್ಗ ಬಿಗಿಯುತ್ತಾ ಅವನ ಕಡೆ ನೋಡದೆ ಅಂದಳು: "ಅವರಿಗೇ ಹೇಳಾಯ್ತಣ್ಣ."

ಹೊಸ ಗಾಡಿ ಹೋಯಿತು. ಇತ್ತ ಸುದ್ದಿ ಹಬ್ಬಿ, ಹಳೆಯ ಗಾಡಿಯ ಮುಂದೆ ಆರು ಮನೆಯವರು ರಾಗಿ ತಂದು ಸುರಿಯುತ್ತಿದ್ದರು. ಯಾರೋ ಒಂದು ಹಿಡಿ ಹುಲ್ಲನ್ನು ಜಾಲರಿಗೆ ಮೆತ್ತಿದರು. ಫ್ಯಾನು ತಾನಾಗಿ ತಿರುಗಿ ತೂರತೊಡಗಿತು.

"ಭಾವ, ಒಂದೇ ಒಂದ್ಸಲ ಎಂಜಿನ್ ಮುಟ್ಟಿ ನೋಡಿ" ಎಂದ ಆವಲಪ್ಪ.

ಪಿಳ್ಳಪ್ಪ ಅಂಗೈ ಇಟ್ಟು ನೋಡಿದ. ಬಾವಿಯ ಕಲ್ಲು ಮುಟ್ಟಿದಂತಿತ್ತು.

"ತಣ್ಣಗೈತೆ" ಎಂದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಹೊಟ್ಟಿನ ಮೋಡದೊಳಗೇ ನಡೆದು ಹೋದ.

"ಸಂಜೆಗೆ ಮಾರ್ಕೆಟ್ಟಿಗೆ ಹೋಗ್ಬೇಕು ಅನ್ನೋ ಆ ಇನ್ನೊಂದು ಮಾತೂ ಕಲಿಸ್ಬಿಡ್ತೀನಿ ಭಾವ! ಬರ್ತೀರಾ ತಾನೆ?"

ಆವಲಪ್ಪ ಆ ಸಂಜೆ ಕಾದ, ಮಾರನೆಯ ಸಂಜೆಯೂ ಕಾದ. ಆಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಯೊಂದನ್ನು ತಂದು ಗಾಡಿಯ ತಲೆಗೆ ಕಟ್ಟಿದ. ಆ ಸುಗ್ಗಿ ಪೂರ್ತಿ ಗಾಡಿ ಅಲ್ಲೇ ನಿಂತು ಮೂರು ಊರಿನ ರಾಗಿ ತೂರಿತು. ಅಷ್ಟು ಹಸನಾದ ರಾಗಿ ಆ ಸೀಮೆಯಲ್ಲಿ ಹಿಂದೆಂದೂ ಕಂಡಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಪಿಳ್ಳಪ್ಪ ಆ ಕಡೆ ತಿರುಗಿ ಬರಲಿಲ್ಲ. ಮನೆಯಲ್ಲಿ ಆ ವರ್ಷವೆಲ್ಲ ಮುದ್ದೆಯನ್ನೂ ಮುಟ್ಟಲಿಲ್ಲ.