ಫೋನಿನಲ್ಲಿ ಮನೆ ನೋಡುವ ಶಾಸ್ತ್ರ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಹಡಗಲಿಯಿಂದ ಕೊಟ್ಟೂರಿನವರೆಗೆ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ. ಕೊಟ್ಟೂರಿನ ಶೇಂಗಾ ವ್ಯಾಪಾರಿ ನಾಗೇಂದ್ರಪ್ಪನನ್ನು ಮೆಚ್ಚಿಸಿದವರು ಯಾರಾದರೂ ಇದ್ದಾರೆಯೇ? ಸಾಧ್ಯವೇ ಇಲ್ಲ ಅನ್ನುತ್ತಾರೆ. ತಕ್ಕಡಿ ತೂಗಿದ್ದನ್ನು ಮತ್ತೆ ಕೈಯಲ್ಲಿ ತೂಗಿ ನೋಡುವ ಮನುಷ್ಯ ಅವನು. ಅಂಥ ನಾಗೇಂದ್ರಪ್ಪನನ್ನು, ಮನೆಯ ಹೊಸ್ತಿಲು ದಾಟದೆ, ಒಂದೇ ಸೋಮವಾರದಲ್ಲಿ ಮೆಚ್ಚಿಸಿದ ಗಂಡೊಬ್ಬ ಹಗರಿಬೊಮ್ಮನಹಳ್ಳಿಯಲ್ಲಿದ್ದಾನೆ. ಹೆಸರು ಗುರುಬಸವರಾಜ. ಈ ಹೆಸರು ಕೇಳಿದ ಕೂಡಲೇ ಹಿಂದೆ ಡೊಳ್ಳು ಬಾರಿಸಬೇಕು, ಒಣ ಎಲೆ ಹಾರಬೇಕು, ಕ್ಯಾಮೆರಾ ಚಪ್ಪಲಿಯಿಂದ ಶುರುವಾಗಿ ನಿಧಾನಕ್ಕೆ ಮೇಲೇರಬೇಕು. ಏರಿಸಿಕೊಳ್ಳಿ, ಕಾಯುತ್ತೇನೆ.

ಆದರೆ ಆ ಸೋಮವಾರ ಬೆಳಿಗ್ಗೆ ಕ್ಯಾಮೆರಾ ಏರಿದ್ದರೆ ಅದಕ್ಕೆ ಕಾಣುತ್ತಿದ್ದುದು ಒಂದು ಲುಂಗಿ, ಒಂದು ತೂತು ಬನಿಯನ್, ಮತ್ತು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಮರೆತು ಕಂಪ್ಯೂಟರನ್ನು ದಿಟ್ಟಿಸುತ್ತಿದ್ದ ಎರಡು ಕಣ್ಣು.

ಗುರುವಿನದು ಬಸ್ ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಅಲ್ಲಿ ಮುದಿಯಾದ ಒಂದು ಕಂಪ್ಯೂಟರನ್ನು ಮನೆಗೆ ತಂದು, ಲಿನಕ್ಸ್ ಹಾಕಿ, ಪಡಸಾಲೆಯ ಮೂಲೆಯಲ್ಲಿಟ್ಟು ಅದಕ್ಕೆ ‘ಸರ್ವರ್’ ಎಂದು ನಾಮಕರಣ ಮಾಡಿದ್ದ. ಬಾಗಿಲ ಮೇಲೊಂದು ಕ್ಯಾಮೆರಾ. ಅದು ಕಂಡದ್ದನ್ನು, ಕೇಳಿದ್ದನ್ನು ಸರ್ವರ್‌ಗೆ ಹೇಳುತ್ತಿತ್ತು. ಲಿಂಕ್ ಇದ್ದವರು ಯಾವ ಊರಲ್ಲಿದ್ದರೂ ಫೋನಿನಲ್ಲಿ ಈ ಪಡಸಾಲೆ ನೋಡಬಹುದಿತ್ತು. ಅದರಲ್ಲಿ ನೋಡುವಂಥದ್ದೇನಿದೆ ಎಂದು ಕೇಳಬೇಡಿ. ಅಪ್ಪ ಬೆನಕಪ್ಪ ಬೆನ್ನು ಕೆರೆದುಕೊಳ್ಳುವುದು ಬಿಟ್ಟರೆ ಏನೂ ಇರಲಿಲ್ಲ.

ನಾಗೇಂದ್ರಪ್ಪನ ಮಗಳು ಗೀತಾಂಜಲಿಯನ್ನು ನೋಡಿ ಬಂದದ್ದಾಗಿತ್ತು. ಹುಡುಗಿ ಒಪ್ಪಿದ್ದಳು. ಉಳಿದದ್ದು ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡುವ ಶಾಸ್ತ್ರ. ಅಷ್ಟರಲ್ಲಿ ನಾಗೇಂದ್ರಪ್ಪ ಶೇಂಗಾ ಚೀಲದ ಮೇಲಿಂದ ಜಾರಿ ಕಾಲು ಉಳುಕಿಸಿಕೊಂಡ. ಗುರುವಿಗೆ ಅಲ್ಲಿಯೇ ಹೀರೋ ಮೈಮೇಲೆ ಬಂದ.

“ಮಾವಾರ, ನೀವು ಮನಿಗೆ ಬರೋದು ಬ್ಯಾಡ್ರಿ. ಮನಿನ ನಿಮ್ಮ ಅಂಗೈಗೆ ಬರ್ತೈತಿ!”

ನಾಗೇಂದ್ರಪ್ಪ ಫೋನಿನ ಆ ಕಡೆಯಿಂದ ಅವನ ಮಾತನ್ನೂ ಒಮ್ಮೆ ಕೈಯಲ್ಲಿ ತೂಗಿದ. “ಬರ್ಲಿ ನೋಡೂಣು. ಸೋಮವಾರ ಛಲೋ ದಿನ, ನಾಕು ಗಂಟಿಗೆ ಬರ್ಲಿ. ಮನಿ ಬರ್ಲಿಲ್ಲಂದ್ರ, ತಮ್ಮಾ, ನೀನೂ ಬರಬ್ಯಾಡ.”

ಎಲ್ಲ ಸರಿಯಿತ್ತು. ಭಾನುವಾರ ಸಂಜೆ ಮೊಬೈಲ್ ರಿಪೇರಿಯ ಗೆಳೆಯ ಅಮರೇಶ್ ಬಂದು ಹುಳ ಬಿಟ್ಟ.

“ಲೇ ಗುರು, ಇದಕ್ಕ ಫೈರ್‌ವಾಲ್ ಹಾಕಿಯೇನು? ಇಲ್ಲಂದ್ರ ಯಾವನರ ಹೊಕ್ಕು ನಿಮ್ಮ ಮಾವನ ಫೋನಿನ್ಯಾಗ ಏನೇನರ ತೋರಿಸ್ತಾನ ನೋಡು.”

ಗುರು ಕೂಡಲೇ ವಿಡಿಯೋ ನೋಡಿ ನೋಡಿ ಫೈರ್‌ವಾಲ್ ಹಾಕಿದ. ಫೈರ್‌ವಾಲ್ ಅಂದರೆ ಬಾಗಿಲು ಕಾಯುವ ಪೈಲ್ವಾನ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಳಿದರೆ ಹಾಗೇ ಮಾಡುತ್ತಾನೆ. “ಉಚ್ಚಂಗಿದುರ್ಗದ ಕೋಟಿ ಬಾಗ್ಲ ಹಾಕೀನಿ, ಇನ್ನ ಗಾಳಿನೂ ನನ್ನ ಕೇಳಿ ಒಳಗ ಬರಬೇಕು,” ಎಂದು ಮೀಸೆ ತಿರುವಿದ.

ಸೋಮವಾರ ಬೆಳಿಗ್ಗೆ ಲಿಂಕ್ ಒತ್ತಿದರೆ ಫೋನಿನಲ್ಲಿ ಬರೀ ಒಂದು ಗುಂಡು ಗರಗರ ತಿರುಗುತ್ತಿತ್ತು. ಮನೆಯ ವೈಫೈ ಫೋನಿಗೆ ಬರುತ್ತಿತ್ತು, ಸರ್ವರ್ ಹುರ್ರ್ ಎನ್ನುತ್ತಿತ್ತು, ಕ್ಯಾಮೆರಾದ ದೀಪವೂ ಉರಿಯುತ್ತಿತ್ತು. ನಿನ್ನೆಯಿಂದ ಹೊಸದಾಗಿ ಬಂದವನು ಒಬ್ಬನೇ: ಪೈಲ್ವಾನ. ಅಲ್ಲಿಗೆ ಅಪರಾಧಿ ಸಿಕ್ಕಂತಾಯಿತು.

ಗುರು ಪೈಲ್ವಾನನಿಗೆ ಬುದ್ಧಿ ಹೇಳಿದ. ‘ಈ ಬಾಗಿಲು ತೆಗಿ’ ಎಂದು ಆಜ್ಞೆ ಟೈಪ್ ಮಾಡಿದ. ತೆಗೆದೆ ಅಂದಿತು ಪರದೆ. ಗುಂಡು ತಿರುಗಿತು. ‘ಎಲ್ಲಾ ಬಾಗಿಲು ತೆಗಿ’ ಅಂದ. ಗುಂಡು ತಿರುಗಿತು. ಹೊರಗಿನ ಲೋಕಕ್ಕೆ ಕೂಗು ಹಾಕುವ ಪಿಂಗ್ ಎಂಬ ಆಜ್ಞೆ ಕೊಟ್ಟ. ಪಾಳುಬಾವಿಗೆ ಕಲ್ಲು ಹಾಕಿದಂತೆ ಆ ಕಡೆಯಿಂದ ಸದ್ದೇ ಇಲ್ಲ.

ಇತ್ತ ಪಡಸಾಲೆಯಲ್ಲಿ ಬೇರೆಯದೇ ಶೂಟಿಂಗ್ ನಡೆದಿತ್ತು. ಕ್ಯಾಮೆರಾದಲ್ಲಿ ಮನೆ ಕಾಣುತ್ತದೆ ಅಂದಮೇಲೆ ಮನೆ ಮನೆಯಂತೆ ಕಾಣಬೇಡವೇ? ಗುರುವಿನ ಅವ್ವ ಪಕ್ಕದ ಮನೆಯ ಕೆಂಚಕ್ಕನ ಸೋಫಾ ಮತ್ತು ಫ್ರಿಜ್ಜನ್ನು ಒಂದು ದಿನದ ಮಟ್ಟಿಗೆ ತರಿಸಿದ್ದಳು. ಅಮರೇಶ್ ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಕಿಟಕಿಯಷ್ಟು ದೊಡ್ಡ ಟೀವಿ ತಂದು ಗೋಡೆಗೆ ಒರಗಿಸಿದ. ಸೋಫಾದ ಜತೆ ಕೆಂಚಕ್ಕನೂ ಬಂದು ಅದರ ನಡುವೆ ಕೂತಳು.

“ಕೆಂಚಕ್ಕ, ನೀ ಏಳಬೇ. ನಾಕಕ್ಕ ನಾವು ಕುಂದ್ರಬೇಕು,” ಎಂದಳು ಅವ್ವ.

“ನನ್ನ ಸೋಫಾಕ್ಕ ನಾನ ಕುಂದ್ರಬಾರದೇನು? ಪ್ಲಾಸ್ಟಿಕ್ ಕವರ್ ಹರುದ್ರ ಯಾರು ಹೊಣಿ? ನಾನು ಹುಡುಗನ ದೊಡ್ಡವ್ವ ಅಂತ ಹೇಳ್ರಿ ಬೇಕಾದ್ರ.”

ಬೆನಕಪ್ಪ ಮಗನ ಹಿಂದೆ ಬಂದು ನಿಂತ. “ಏನಾತೋ?”

“ಫೈರ್‌ವಾಲ್ ಅಪ್ಪ.”

“ಬಡಿ ಒಂದು. ನಮ್ಮ ಬೋರಿನ ಮೋಟ್ರು ಹಂಗ ಚಾಲೂ ಆಗೋದು.” ಮಗ ಬೇಡ ಎನ್ನುವಷ್ಟರಲ್ಲಿ ಬೆನಕಪ್ಪ ಎತ್ತಿನ ಬೆನ್ನಿಗೆ ಹೊಡೆಯುವಂತೆ ಸರ್ವರಿಗೆ ಒಂದು ಬಾರಿಸಿಯೇಬಿಟ್ಟ. ಅದರ ಪಕ್ಕದ ತಗಡು ಕಳಚಿ ಅವನ ಹೆಬ್ಬೆರಳ ಮೇಲೆಯೇ ಬಿತ್ತು. ಅಲ್ಲಿಗೆ ಕೊಟ್ಟೂರಿನ ಮನೆಯಲ್ಲೊಬ್ಬ, ಈ ಮನೆಯಲ್ಲೊಬ್ಬ, ಕುಂಟುವವರ ಲೆಕ್ಕ ಸರಿಸಮ ಆಯಿತು.

ಕೆಂಚಕ್ಕ ದೃಷ್ಟಿಯಾಗಿದೆ ಎಂದು ತೀರ್ಪು ಕೊಟ್ಟು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಸರ್ವರಿನ ಫ್ಯಾನು ಆ ಘಾಟನ್ನೆಲ್ಲ ಒಳಗೆಳೆದು ಗುರುವಿನ ಮುಖಕ್ಕೆ ಊದಿತು. ಅರ್ಧ ತಾಸು ಎಲ್ಲರೂ ಬರೀ ಕೆಮ್ಮಿದರು.

“ಲೇ, ತಂತಿ ನೋಡಿಯೇನು?” ಕಣ್ಣೊರೆಸಿಕೊಳ್ಳುತ್ತ ಕೇಳಿದ ಅಮರೇಶ್.

ಸರ್ವರಿನಿಂದ ಹೊರಟ ನೀಲಿ ತಂತಿ ಗೋಡೆ ಹತ್ತಿ, ತೊಲೆ ಹಿಡಿದು, ದೇವರ ಕೋಣೆ ಸೇರುತ್ತಿತ್ತು. ಇಂಟರ್ನೆಟ್ ಬರುವ ಬಿಳಿ ಡಬ್ಬಿ ಇದ್ದದ್ದು ಅಲ್ಲಿ, ದೇವರ ಜಗಲಿಯ ಮೇಲೆ. ಇಲಿ ಬಾರದ ಜಾಗ ಮನೆಯಲ್ಲಿ ಅದೊಂದೇ. ಗುರು ಸರ್ವರಿನ ಹಿಂದೆ ಕೈ ಹಾಕಿ ತಂತಿ ಜಗ್ಗಿದ. ಗಟ್ಟಿಯಾಗಿತ್ತು.

“ನೋಡಿದ್ನಿ. ತಂತಿ ನೋಡೋರು ಲೈನ್‌ಮನ್ನರು. ಇದು ಮೆದುಳಿನ ಯುದ್ಧ, ಅಮರ್ಯಾ. ಈ ಕಡಿ ನಾನು, ಆ ಕಡಿ ಫೈರ್‌ವಾಲ್. ನಡುವ ಬಂದೋರು ಪೋಸ್ಟರಿನ್ಯಾಗೂ ಕಾಣಂಗಿಲ್ಲ.”

ಹೀಗೆಂದವನೇ ಪೈಲ್ವಾನನನ್ನು ಕೆಲಸದಿಂದಲೇ ತೆಗೆದ. ಫೈರ್‌ವಾಲ್ ಬಂದ್. ಪಾಸ್‌ವರ್ಡ್ ಅಡ್ಡ ಬರುತ್ತಿದೆಯೇನೋ ಎಂದು ಅದನ್ನೂ ಕಿತ್ತ. ಯಂತ್ರವನ್ನು ಮಲಗಿಸಿ ಎಬ್ಬಿಸಿದ. ಈಗ ಆ ಸರ್ವರಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ, ಗೋಡೆಯೂ ಇಲ್ಲ. ಆದರೂ ಗುಂಡು ತಿರುಗುತ್ತಲೇ ಇತ್ತು.

ನಾಲ್ಕು ಗಂಟೆಯಾಯಿತು. ಹಾಗೂ ಹೀಗೂ ಬಂದರೆ ಬರಲಿ ಎಂದು ಎಲ್ಲರೂ ಸೋಫಾದ ಮೇಲೆ ಗ್ರೂಪ್ ಫೋಟೋಕ್ಕೆ ಕೂತಂತೆ ಕೂತರು. ನಡುವೆ ಕೆಂಚಕ್ಕ. ಗೀತಾಂಜಲಿಯ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಏನ್ರೀ ಇದು? ಅಪ್ಪ ಕನ್ನಡಕ ಹಾಕ್ಕೊಂಡು ಗುಂಡು ತಿರುಗೋದ ನೋಡ್ಕೋಂತ ಕುಂತಾರ. ಅತ್ಲಾಗ ವಿಡಿಯೋ ಕಾಲ್ ಮಾಡ್ರಿ, ಮುಗುದು ಹೋಗ್ಲಿ.”

“ಗೀತಾ,” ಗುರು ದನಿ ದಪ್ಪ ಮಾಡಿದ. “ಸಿಂಹ ಬಾಡಿಗಿ ಉಗುರು ತಂದು ಬ್ಯಾಟಿ ಆಡಂಗಿಲ್ಲ.”

“ಹಂಗಾರ ಉಪಾಸ ಬೀಳ್ರಿ.”

ಹಿಂದಿನಿಂದ ನಾಗೇಂದ್ರಪ್ಪನ ದನಿ ಕೇಳಿತು: “ಹೊತ್ತು ಮುಣುಗೋತನಕ ನೋಡ್ತೀನಿ ಅಂತ ಹೇಳವಗ. ಆಮ್ಯಾಲೆ ಹಡಗಲಿ ಸಂಬಂಧಕ್ಕ ಫೋನ್ ಹಚ್ಚೂಣು.”

ಹಡಗಲಿ ಎಂಬ ಹೆಸರು ಕೇಳಿ ಗುರುವಿನ ಎದೆಯಲ್ಲಿ ಶೇಂಗಾ ಹುರಿದಂತಾಯಿತು. ಗೀತಾಂಜಲಿ ನಿಜಕ್ಕೂ ಬೇಕಾಗಿದ್ದಳು ಅವನಿಗೆ. ಅವನ ಡೈಲಾಗಿಗೆ ಚಪ್ಪಾಳೆ ತಟ್ಟದೆ ತಿರುಗಿಸಿ ಕೊಟ್ಟ ಮೊದಲ ಹುಡುಗಿ ಅವಳು. ಮತ್ತೆ ಕೂತು ಬಡಿದಾಡಿದ. ಕೀಲಿಮಣೆಯ ಮೇಲೆ ಬೆವರು ಹನಿಯಿತು. ಹೊತ್ತು ಇಳಿಯಿತು, ಗುಂಡು ನಿಲ್ಲಲಿಲ್ಲ. ಕೊನೆಗೆ ಸಿಂಹ ಎದ್ದು ಒಳಕೋಣೆಗೆ ಹೋಗಿ ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿತು.

“ಇನ್ನ ಏನ್ ನೋಡೋದೈತಿ? ನನ್ನ ಸೋಫಾ ನಮ್ಮ ಮನಿಗೆ ಹೊಂಡ್ಲಿ,” ಎಂದು ಕೆಂಚಕ್ಕ ಎದ್ದಳು. ಅಮರೇಶ್ ಸೋಫಾದ ಒಂದು ತುದಿ, ಕೆಂಚಕ್ಕ ಇನ್ನೊಂದು ತುದಿ ಹಿಡಿದರು. ದೀಪ ಹಚ್ಚುವ ಹೊತ್ತು. ಗುರುವಿನ ಅಜ್ಜಿ ಅನ್ನದಾನಮ್ಮ ಬತ್ತಿ ಹೊಸೆಯುತ್ತ ದೇವರ ಕೋಣೆಗೆ ಹೋದಳು.

ಕೌದಿಯೊಳಗೆ ಫೋನ್ ಕುಣಿಯಿತು. ನಾಗೇಂದ್ರಪ್ಪ.

“ತಮ್ಮಾ! ಎಲ್ಲಿದಿ? ನಿಮ್ಮ ಮನಿಗೆ ಕಳ್ಳರು ಹೊಕ್ಕಾರ! ಸೋಫಾ ಹೊತ್ಕೊಂಡು ಹೊಂಟಾರೋ! ಒಬ್ಬಾಕಿ ಹೆಂಗಸು ಬ್ಯಾರೆ ಅದಾಳ!”

ಗುರು ಎದ್ದು ಕೂತ. ಮೊದಲು ಬಂದದ್ದು ಆನಂದ: ಸರ್ವರ್ ನಡೆಯುತ್ತಿದೆ! ಅದರ ಬೆನ್ನಿಗೇ ಬಂದದ್ದು ಬೆವರು: ಸೋಫಾ ಹೋಗುತ್ತಿದೆ! ಎರವಲು ಎಂದರೆ ಮಾನ ಹೋಗುತ್ತದೆ, ಕಳ್ಳರು ಎಂದರೆ ಕೆಂಚಕ್ಕ ಸುಮ್ಮನಿರುವುದಿಲ್ಲ. ಕ್ಷಣ ಮಾತ್ರ ಯೋಚಿಸಿ ಗುರು ಮಾನದ ಕಡೆ ನಿಂತ.

“ಹೌದ್ರಿ ಮಾವಾರ, ಕಳ್ಳರು! ನೋಡಿದ್ರ್ಯಾ ನಮ್ಮ ಸರ್ವರ್ ಹೆಂಗ ಹಿಡೀತು? ಇನ್ನ ನನ್ನ ನೋಡ್ರಿ!”

ಫೋನನ್ನು ಅಂಗಿ ಜೇಬಿಗೆ ಸ್ಪೀಕರಿನಲ್ಲಿ ಹಾಕಿಕೊಂಡು ಪಡಸಾಲೆಗೆ ಹಾರಿದ. “ಏಯ್! ಇಡ್ರಲೇ ಕೆಳಗ! ಈ ಮನಿಗೆ ಹೊಕ್ಕೋರಿಗೆ ಎಂಟ್ರಿ ಮಾತ್ರ ಐತಿ, ಎಕ್ಸಿಟ್ಟು ನಾನು ಬರೀಬೇಕು!”

ಅಮರೇಶ್ ಬಾಯಿ ತೆರೆದ. “ಲೇ, ಮೆಣಸಿನಕಾಯಿ ಘಾಟು ತಲಿಗೇರಿತೇನೋ?”

ಗುರು ಅವನ ಕೊರಳಪಟ್ಟಿ ಹಿಡಿದು ಕಿವಿಯಲ್ಲಿ ಉಸುರಿದ. “ಮಾವ ನೋಡಾಕತ್ತಾನ. ಬೀಳೋ ಮಾರಾಯ, ಬೀಳೋ.”

ಗೆಳೆಯನೆಂದರೆ ಅಮರೇಶ್. ಗುರುವಿನ ಕೈ ತಾಗುವ ಮೊದಲೇ ಅವನು ಗಾಳಿಯಲ್ಲಿ ಒಂದು ಸುತ್ತು ತಿರುಗಿ ಗೋಡೆಗೆ ಬಡಿದು ಬಿದ್ದ. “ಅಣ್ಣಾ, ತಪ್ಪಾತು, ಬಿಟ್ಟುಬಿಡು!” ಎಂದು ಕಾಲು ಹಿಡಿದ. ಒಂದು ತುದಿ ಕೈಬಿಟ್ಟ ಸೋಫಾ ಧೊಪ್ಪೆಂದಿತು.

“ಅಯ್ಯೋ ನನ್ನ ಪ್ಲಾಸ್ಟಿಕ್ಕು!” ಎಂದು ಕೆಂಚಕ್ಕ ಚೀರಿದಳು.

ಗುರು ಎದೆಯುಬ್ಬಿಸಿ ಕ್ಯಾಮೆರಾ ಕಡೆ ತಿರುಗಿದ. ಅದೇ ಹೊತ್ತಿಗೆ ಅಡುಗೆ ಮನೆಯಿಂದ ಅವ್ವ ತಟ್ಟೆ ಹಿಡಿದು ಬಂದಳು.

“ಕೆಂಚಕ್ಕ, ಚಾ ಕುಡುದು ಹೋಗಬೇ. ಸೋಫಾ ಕೊಟ್ಟು ಪುಣ್ಯ ಕಟ್ಕೊಂಡಿ. ಫ್ರಿಜ್ಜಿನ್ಯಾಗ ನಮ್ಮ ಉಳ್ಳಾಗಡ್ಡಿ ಇಟ್ಟೀನಿ, ತಕ್ಕೊಂಡು ಕಳಿಸ್ತೀನಿ. ಅಮರೇಶಪ್ಪ, ನಿನಗ ಸಕ್ಕರಿ ಕಮ್ಮಿ ಹಾಕೀನಿ ನೋಡು.”

ಗುರುವಿನ ಜೇಬು ಮಾತಾಡಿತು.

“ತಮ್ಮಾ... ಕಳ್ಳರಿಗೆ ನಿಮ್ಮವ್ವ ಚಾ ಕೊಡಾಕತ್ತಾಳಲ್ಲೋ.”

ಗುರು ಅಲ್ಲಿಯೇ ಸೋಫಾದ ತುದಿಗೆ ಕುಸಿದು, ಯಾರಿಗೆ ಕೇಳಿದನೋ ಗೊತ್ತಿಲ್ಲ, ಕೇಳಿದ: “ಹಗಲೆಲ್ಲಾ ಸತ್ತರೂ ಏಳಲಿಲ್ಲ. ಈಗ ಹೆಂಗ ಚಾಲೂ ಆತು ಇದು?”

“ನಾನ ಹೂಡಿನಿ,” ಎಂದಳು ಅನ್ನದಾನಮ್ಮ, ದೇವರ ಕೋಣೆಯಿಂದ ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದು.

“ಏನ್ ಹೂಡಿದಿ?”

“ನೀಲಿ ತಂತಿ. ಮುಂಜಾನಿ ಪೂಜಿ ಮಾಡೋ ಮುಂದ ಡಬ್ಬಿಯಿಂದ ಬಿಚ್ಚಿದ್ನಿ. ಇವತ್ತು ಸೋಮವಾರ ಅಲ್ಲೇನು? ಬಸವಣ್ಣನ ವಾರ. ನಿಮ್ಮ ಅಜ್ಜ ಬದುಕಿರೋತನಕ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟೋನಲ್ಲ. ಇದು ನಿನ್ನಿ ಸಂಜಿಯಿಂದ ಹುರ್ರ್ ಅಂತ ಏದಾಕತ್ತಿತ್ತು, ಪಾಪದ್ದು. ಒಂದು ದಿನ ಹೆಗಲು ತಣ್ಣಗಿರ್ಲಿ ಅಂದ್ನಿ. ದೀಪ ಹಚ್ಚಿ ಮತ್ತ ಹೂಡಿನಿ.”

ಗುರು ಅಜ್ಜಿಯನ್ನು ನೋಡಿದ. ತೊಲೆಯ ಮೇಲಿನ ತಂತಿ ನೋಡಿದ. ಬೆಳಗಿನಿಂದ ತಾನು ಬೈದು, ಕೊನೆಗೆ ಕೆಲಸದಿಂದ ಕಿತ್ತುಹಾಕಿದ ನಿರಪರಾಧಿ ಪೈಲ್ವಾನನನ್ನು ನೆನೆದ.

ಜೇಬಿನಲ್ಲಿ ನಾಗೇಂದ್ರಪ್ಪ ಇದನ್ನೆಲ್ಲ ತೂಗುತ್ತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡ.

“ತಮ್ಮಾ, ಫೋನ್ ನಿಮ್ಮಪ್ಪಗ ಕೊಡು. ಬೆನಕಪ್ಪಾರ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಡೀ ಜೀವಮಾನದಾಗ ನಾನು ಇಂಥಾದ್ದು ನೋಡಿಲ್ಲ. ಮನಿಯೋರ ವಿರುದ್ಧನ ಸಾಕ್ಷಿ ಹೇಳ್ತೈತಂದ್ರ ಎಂಥಾ ನಿಯತ್ತು! ನನಗ ಭಾಳ ಹಿಡಿಸ್ತು. ನಮ್ಮ ಮನಿಗೆ ಬೇಕು. ಗೋಡೌನಿನ್ಯಾಗ ದಿನಾ ಒಂದು ಚೀಲ ಕಡಿಮಿ ಬರಾಕತ್ತೈತ್ರಿ.”

ಇಷ್ಟೇ ಸ್ವಾಮಿ ನಡೆದದ್ದು. ಮೊದಲಿಗೆ ಕೊಟ್ಟ ಬಿಲ್ಡಪ್ಪಿನಲ್ಲಿ ಸುಳ್ಳೇನೂ ಇಲ್ಲ, ಸ್ವಲ್ಪ ಎಡಿಟಿಂಗ್ ಇತ್ತು ಅಷ್ಟೆ. ನಾಗೇಂದ್ರಪ್ಪ ಒಂದೇ ಸೋಮವಾರದಲ್ಲಿ ಮೆಚ್ಚಿದ್ದು ನಿಜ. ಮೆಚ್ಚಿದ್ದು ಗುರುಬಸವರಾಜನನ್ನಲ್ಲ, ಪೆಟ್ಟಿಗೆಯನ್ನು. ಮುಂದಿನ ವಾರವೇ ಕೊಟ್ಟೂರಿನಿಂದ ಟಾಟಾ ಏಸ್ ಬಂತು. ಅನ್ನದಾನಮ್ಮ ಸರ್ವರಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಇಟ್ಟು ಉಡಿ ತುಂಬಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕಳಿಸಿಕೊಟ್ಟಳು. ಅದೀಗ ಗಂಧದ ಹಾರ ಹಾಕಿಕೊಂಡು ಗೋಡೌನಿನಲ್ಲಿ ಫ್ಯಾನಿನ ಕೆಳಗೆ ಸುಖವಾಗಿದೆ.

ಹುಡುಗನ ವಿಷಯ ನಿಧಾನಕ್ಕೆ ನೋಡೋಣ ಎಂದಿದ್ದಾರಂತೆ. ಗುರು ಕೇಳಿದಾಗೆಲ್ಲ ಅದೇ ಉತ್ತರ. ಮೊನ್ನೆ ಗೀತಾಂಜಲಿಯೇ ಫೋನ್ ಮಾಡಿದ್ದಳು. ಇವನು ಕೂದಲು ಬಾಚಿಕೊಂಡು, ದನಿ ದಪ್ಪ ಮಾಡಿಕೊಂಡು ಎತ್ತಿದ.

“ರೀ, ಅಪ್ಪ ಕೇಳಾಕ ಹಚ್ಯಾರ,” ಎಂದಳು ಅವಳು. “ಇಂಥಾದ್ದು ಇನ್ನೊಂದು ಐತೇನ್ರಿ? ಹರಪನಹಳ್ಳಿ ಗೋಡೌನಿಗೆ ಬೇಕಂತ.”